ಮಲ್ಲಿಪಟ್ಟಣಕ್ಕೆ ಬಾರದ ಹಕ್ಕಿ

ಹೊಳೆನರಸೀಪುರ
14–2–2025, ಶುಕ್ರವಾರ

ನನ್ನ ಮುದ್ದು ಶೋಭಿ,

ಹೇಗಿದ್ದೀಯ ಮಗಳೇ? ನಿಕೋಬಾರಿನ ಸೊಳ್ಳೆಗಳು ಇನ್ನೂ ನಿನ್ನ ರಕ್ತ ಕುಡಿಯುತ್ತಿವೆಯೋ, ಬಿಟ್ಟಿವೆಯೋ? ಚಟ್ನಿಪುಡಿಯನ್ನೆಲ್ಲ ಕ್ಯಾಂಪಿನವರಿಗೆ ಹಂಚಿ ನೀನು ಬರೀ ಅನ್ನ ತಿನ್ನಬೇಡ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ. ನಾನು ಮಾತ್ರ ಈ ವಾರ ಬಹಳ ಚೆನ್ನಾಗಿದ್ದೇನೆ. ಯಾಕೆ ಅಂತ ಕೇಳು.

ಹೋದ ಶನಿವಾರ ನಮ್ಮ ಶಾಲೆಯ ಮಕ್ಕಳನ್ನು ಹಾಸನಕ್ಕೆ ಫೋಟೋ ಪ್ರದರ್ಶನ ತೋರಿಸಲು ಕರೆದುಕೊಂಡು ಹೋದರು. ಬಿಸಿಯೂಟದವಳು ಅಂತ ಮಕ್ಕಳ ಕಾವಲಿಗೆ ನನ್ನನ್ನೂ ಬಸ್ಸು ಹತ್ತಿಸಿದರು. ಒಳಗೆ ಹೋದರೆ, ಮೊದಲನೇ ಬಹುಮಾನದ ಚೀಟಿ ಅಂಟಿಸಿಕೊಂಡು ಕೂತಿದ್ದಾಳೆ ನಿನ್ನ ನೊಣಹಿಡುಕ ಹಕ್ಕಿ! ಅದೇ ಕಂದು ಬೆನ್ನು. ಗುರುತಿಗೆಂದು ನೀನೇ ತೊಡಿಸಿದ ಬಳೆ, ಬಲಗಾಲಿಗೆ ಕೆಂಪು, ಎಡಗಾಲಿಗೆ ಹಳದಿ. ನೀನೇ ತೆಗೆದು ಕಳಿಸಿದ, ನಮ್ಮ ಗೋಡೆಯ ಮೇಲೆ ದಿನಾ ನೋಡುವ ಫೋಟೋ ನನಗೆ ಗುರುತು ಸಿಗದೆ ಇರುತ್ತದೆಯೇ? ಕೆಳಗೆ ಬರೆದಿತ್ತು: ತೆಗೆದವರು ನಟರಾಜು, ಚನ್ನರಾಯಪಟ್ಟಣ. ಸ್ಥಳ ಮಲ್ಲಿಪಟ್ಟಣದ ತೋಪು.

ಹೌದು, ಅವನೇ. ಮದುವೆ ನಿಶ್ಚಯವಾಗಿದ್ದಾಗ ನೀನು ಆಸೆಯಿಂದ ಅವನಿಗೂ ಕಳಿಸಿದ್ದೆಯಲ್ಲ, ಅದೇ ಫೋಟೋ. ಲಗ್ನಪತ್ರಿಕೆ ಹಂಚಿದ ಮೇಲೆ ನಮ್ಮ ಅಂಗಳದಲ್ಲಿ ನಿಂತು "ಹಕ್ಕಿ ಹಿಂದೆ ಅಲಿಯೋಳು ಸಂಸಾರ ಮಾಡ್ತಾಳಾ?" ಅಂದು ಹೊರಟುಹೋದನಲ್ಲ, ಆಗ ನಿಮ್ಮಪ್ಪ ಅವನಿಗೆ ಕೈ ಮುಗಿದು ನಿಂತಿದ್ದರು. ಆ ಮುಗಿದ ಕೈಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅವನು ಆ ಫೋಟೋದ ಪಕ್ಕದಲ್ಲೇ ಬೀಗುತ್ತ ನಿಂತಿದ್ದ. ಕಾಲರ್ ಹಿಡಿಯೋಣ ಅನ್ನಿಸಿತು. ಹಿಡಿಯಲಿಲ್ಲ. ಏನೂ ಅರಿಯದವಳ ಹಾಗೆ ಹತ್ತಿರ ಹೋಗಿ "ಎಲ್ಲಿ ಸಿಕ್ತಪ್ಪಾ ಇದು?" ಎಂದೆ. ನನ್ನ ಗುರುತು ಸಿಕ್ಕರೂ, ಸೌಟು ಹಿಡಿಯುವವಳಿಗೆ ಯಾವ ಹಕ್ಕಿಯಾದರೇನು ಅಂದುಕೊಂಡನೇನೋ, "ಮಲ್ಲಿಪಟ್ಟಣದ ತೋಪಲ್ಲಿ ಕಣಮ್ಮ, ದಿನಾ ಬತ್ತದೆ" ಅಂದ. ಸಮುದ್ರದಾಚೆಯ ಆ ದ್ವೀಪಗಳ ಕಾಡು ಬಿಟ್ಟು ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲದ ಹಕ್ಕಿ, ದಿನಾ ಬರುತ್ತದಂತೆ! ಬಹುಮಾನ ಕೊಡುವ ಹೊತ್ತಿಗೆ ಎದ್ದು ನಿಂತು ಕೂಗಿದೆ: "ಸಾ, ನಮ್ ಮಕ್ಳು ನೋಡ್ಬೇಕಂತವೆ. ದಿನಾ ಬತ್ತದಂತೆ, ಎಲ್ರುನೂ ಕರ್ಕಂಡೋಗಿ ತೋರಿಸ್ಲಿ ಸಾ." ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಒಲ್ಲೆ ಅನ್ನಲಾಗದೆ ಅವನು ತಲೆಯಾಡಿಸಿದ. ಮುಖ ಸುಟ್ಟ ಬದನೆಕಾಯಿ ಆಗಿತ್ತು.

ನಾಡಿದ್ದು ಭಾನುವಾರ ಹೊರಡುವುದು. ನಮ್ಮ ಶಾಲೆಯ ಮಕ್ಕಳು, ಬಹುಮಾನ ಕೊಟ್ಟವರು, ಪೇಪರಿನವರು, ಮೈಸೂರಿನಿಂದ ಹಕ್ಕಿ ಬಲ್ಲ ಮೇಷ್ಟರೊಬ್ಬರು, ಜೊತೆಗೆ ಅವನ ಅಪ್ಪ ಅಮ್ಮ. ಬರಲಿ, ಮಗನ ಮರ್ಯಾದೆ ಅವರೂ ನೋಡಲಿ. ಪುಳಿಯೋಗರೆ ನನ್ನದೇ. ಹಕ್ಕಿಗೆ ಕಾದು ಕಾದು ಎಲ್ಲರೂ ಉಂಡು ಕೈ ತೊಳೆದ ಮೇಲೆ ಚೀಲದಿಂದ ನಮ್ಮ ಮನೆಯ ಫೋಟೋ ತೆಗೆಯುತ್ತೇನೆ, ಅದರ ಹಿಂದೆ ನೀನು ಬರೆದ ತಾರೀಖು ತೋರಿಸುತ್ತೇನೆ. ಆಮೇಲೆ ಒಂದೇ ಮಾತು: "ಕಾಲಿಗೆ ಬಳೆ ತೊಡಿಸ್ದೋರು ಯಾರಪ್ಪಾ?" ನಿಮ್ಮಪ್ಪ "ಬಿಟ್ಬುಡೇ, ದ್ಯಾವ್ರು ನೋಡ್ಕತಾನೆ" ಅನ್ನುತ್ತಾರೆ. ದೇವರಿಗೆ ನೂರು ಕೆಲಸ. ಇದೊಂದನ್ನು ನಾನೇ ನೋಡಿಕೊಳ್ಳುತ್ತೇನೆ.

ಕಾಡಿನಲ್ಲಿ ಹುಷಾರು. ನಿನ್ನ ಕಾಲಿಗೆ ಮುಳ್ಳು ತಾಗದಿರಲಿ, ನಿನ್ನ ಹಕ್ಕಿಯ ಗೂಡಿಗೆ ಹಾವು ಹತ್ತದಿರಲಿ.

ನಿನ್ನ ಅಮ್ಮ,
ಮಲ್ಲಿಗಮ್ಮ

ಮರೆತಿದ್ದೆ: ನಿನ್ನೆ ನೀನು ವಾರದ ಫೋನ್ ಮಾಡಿದಾಗ ಇದನ್ನೆಲ್ಲ ಯಾಕೆ ಹೇಳಲಿಲ್ಲ ಅಂತ ಸಿಟ್ಟಾಗಬೇಡ. ಹೇಳಿದ್ದರೆ ನೀನು "ಬೇಡಮ್ಮಾ, ಬಿಟ್ಟುಬಿಡು" ಅನ್ನುತ್ತಿದ್ದೆ. ನೀನು ಅಂದಿದ್ದರೆ ನಾನು ಬಿಟ್ಟೇಬಿಡುತ್ತಿದ್ದೆ. ಈ ಕಾಗದ ಹಡಗು ಹತ್ತಿ ನಿನ್ನ ಕೈ ಸೇರುವಷ್ಟರಲ್ಲಿ ಭಾನುವಾರ ಕಳೆದಿರುತ್ತದೆ. ಅವನನ್ನು ಕ್ಷಮಿಸುವುದಾದರೆ ಆಮೇಲೆ ಕ್ಷಮಿಸು.