ಅನುಬಂಧ ಮೂರರ ಹೆಸರುಗಳು

ಫೆಬ್ರವರಿ 4, ಬುಧವಾರ. ಬೆಳಿಗ್ಗೆ 7.10

ಮತ್ತೆ ಅದೇ ಬಸ್ಸು, ಡ್ರೈವರ್ ಪಕ್ಕದ ಅದೇ ಸೀಟು. ಒಂಬತ್ತನೇ ದಿನ. ಮೊಣಕಾಲ ಮೇಲೆ ಕ್ಲಿಪ್‌ಬೋರ್ಡು, ಅದರಡಿ ಈ ಪುಸ್ತಕ. ಕಯೋಲೆ ಬಸ್ ಸ್ಟೇಜಿನಿಂದ ಹೊರಡುವ ಮೊದಲೇ ರಕ್ತ. ನಮ್ಮ ಕಂಡಕ್ಟರ್ ಕಿಬುಚಿ, ಹಿಂದಿನ ಬಸ್ಸಿನ ಕಂಡಕ್ಟರ್ — ಇಬ್ಬರೂ ಒಬ್ಬಳೇ ಹೆಂಗಸಿನ ಒಂದೊಂದು ಕೈ ಹಿಡಿದು ತಂತಮ್ಮ ಬಸ್ಸಿಗೆ ಎಳೆದರು. ಅವಳು ಬಿಡಿಸಿಕೊಂಡು ನಡೆದೇ ಹೋದಳು. ಇವರು ಬಿಡಲಿಲ್ಲ, ಗುದ್ದಾಡಿದರು. ಕಿಬುಚಿ ಹಲ್ಲೊಂದನ್ನು ಅಂಗೈಗೆ ಉಗುಳಿ, ನೋಡಿ, ಜೇಬಿಗೆ ಹಾಕಿಕೊಂಡ. ಡ್ರೈವರ್ ಕರೂಗ ಹಾರ್ನ್ ಒತ್ತಿದ. ಅಷ್ಟೆ.

"ಬರ್ಕೊಂಡ್ಯಾ ಪ್ರೊಫೆಸರ್? ಏಳು ಗಂಟೆ ಐದು ನಿಮಿಷ, ಒಂದು ಹಲ್ಲು ಇಳೀತು ಅಂತ!" ಬಾಗಿಲ ಹತ್ತಿರ ನಿಂತಿದ್ದ ಒಟುವೋಮ ಕೂಗಿದ.

ಇವರಿಗೆ ನಾನು ಪ್ರೊಫೆಸರ್. ಪ್ಯಾಸೆಂಜರ್ ಎಣಿಸುತ್ತೇನೆ ಅಂತ ಹೇಳಿದ್ದೇನೆ. ಸುಳ್ಳಲ್ಲ, ಅದನ್ನೂ ಎಣಿಸುತ್ತೇನೆ. ನಮ್ಮ ಬಿಸಿನೆಸ್ ವಿಭಾಗಕ್ಕೂ ಎಂಪಿಂಗೊ ಬಸ್ ಕಂಪನಿಗೂ ಈ ವರ್ಷ ಒಪ್ಪಂದ. ನಾವು ಬಸ್ಸು ಹತ್ತಬೇಕು, ತೊಂದರೆ ಹುಡುಕಬೇಕು, ಪರಿಹಾರ ಹೇಳಬೇಕು. ಡಿಗ್ರಿಯ ಕೊನೆಯ ಅಂಕಗಳೆಲ್ಲ ಇದರಲ್ಲೇ. ನನ್ನ ಜೋಡಿ ಬರಾಸ ಲೈಬ್ರರಿಯಲ್ಲಿ ಕೂತು ಗ್ರಾಫ್ ಬಿಡಿಸುತ್ತಾನೆ, ಮಹಾರಾಜ. ಬಸ್ಸಿನ ಹೊಗೆ ಕುಡಿಯುವವಳು ನಾನು.

ಫೆಬ್ರವರಿ 9, ಸೋಮವಾರ. ಮಧ್ಯಾಹ್ನ

ಕಿಬುಚಿ ಉಗಾಲಿ ಮುದ್ದೆ ತಿನ್ನಲು ಇಳಿದ. ಒಟುವೋಮ ಬಾಗಿಲಿಗೆ ಜೋತುಬಿದ್ದ. ದಿನಾ ಹೀಗೇ. ಒಟುವೋಮನಿಗೆ ಕಂಪನಿಯಲ್ಲಿ ಕೆಲಸವಿಲ್ಲ, ಬ್ಯಾಡ್ಜಿಲ್ಲ. ಅವನು 'ಸ್ಕ್ವಾಡ್'. ಕಂಡಕ್ಟರ್ ಉಣ್ಣುವಾಗ, ಅವನಿಗೆ ಜ್ವರ ಬಂದಾಗ, ಒಂದು ರೌಂಡು ಬಾಗಿಲು ಹಿಡಿಯುವವನು. ಓನರ್‌ಗೆ ಗೊತ್ತಾ ಅಂತ ಕರೂಗನನ್ನು ಕೇಳಿದೆ.

"ಗೊತ್ತಿಲ್ದೆ ಏನು? ಮುರೀಥಿ ಸಾಹೇಬ್ರೂ ಸ್ಕ್ವಾಡ್ ಆಗೇ ಶುರು ಮಾಡಿದ್ದು. ಗೊತ್ತಿದ್ರೂ ಗೊತ್ತಿಲ್ಲ. ಹಂಗೇ ನಡೀಬೇಕು ಮಗಳೇ."

ಚೆನ್ನಾಗಿದೆ. ಬರೆದುಕೊಂಡೆ.

ವಾಪಸ್ಸು ಬರುವಾಗ ಒಬ್ಬ ನನ್ನ ಚೀಲಕ್ಕೆ ಬ್ಲೇಡ್ ಹಾಕಿದ. ಒಟುವೋಮ ಅವನ ಕುತ್ತಿಗೆ ಹಿಡಿದು, ಓಡುವ ಬಸ್ಸಿನಿಂದ ಹೊರಕ್ಕೆ ಎಸೆದ. ಹಿಂದೆ ನೋಡಿದೆ — ಜನ ಆಗಲೇ ಸುತ್ತುವರಿದು ಒದೆಯುತ್ತಿದ್ದರು. ಅವನ ಒಂದು ಬೂಟು ಮಾತ್ರ ರಸ್ತೆಯ ಮಧ್ಯೆ ಬಿದ್ದಿತ್ತು. ನನಗೆ ಖುಷಿಯಾಯಿತು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ತುಂಬಾ ಖುಷಿಯಾಯಿತು.

ಫೆಬ್ರವರಿ 12, ಗುರುವಾರ

ವರದಿ ಮುಗಿಯಿತು. ನಮ್ಮ ಮುಖ್ಯ ಸಲಹೆ ನನ್ನದೇ: ಸ್ಕ್ವಾಡ್‌ಗಳು ಕಳ್ಳರಲ್ಲ, ಅವರಿಲ್ಲದಿದ್ದರೆ ಬಸ್ಸು ನಿಲ್ಲುತ್ತದೆ, ಅವರಿಗೂ ಬ್ಯಾಡ್ಜು ಕೊಡಿ. ಒಟುವೋಮನಿಗೆ ಹೇಳಿಲ್ಲ. ಬ್ಯಾಡ್ಜು ಬಂದ ದಿನ ಅವನ ಮುಖ ನೋಡಬೇಕು.

ಲೆಕ್ಚರರ್ ಡಾ. ನಾಂಜಾಲ ಓದಿ ಹೇಳಿದರು, "ಐಡಿಯಾ ಚೆನ್ನಾಗಿದೆ ಮುಥೇವು. ಆದ್ರೆ ಪುರಾವೆ ಎಲ್ಲಿ? ಯಾರು, ಯಾವ ಬಸ್ಸು, ಎಷ್ಟು ಸಲ — ಇದಿಲ್ದೆ ನಾನು ಅಂಕ ಹೇಗೆ ಕೊಡ್ಲಿ?"

ಅನುಬಂಧ ಮೂರು ಸೇರಿಸಿದೆ. ಐದು ಹೆಸರು, ದಿನ, ಹೊತ್ತು, ಬಸ್ಸಿನ ನಂಬರು. ಮೊದಲನೆಯದು ಒಟುವೋಮ, ಹದಿನಾಲ್ಕು ರೌಂಡು.

ಫೆಬ್ರವರಿ 17, ಮಂಗಳವಾರ

ಕಂಪನಿಯ ಆಫೀಸಿನಲ್ಲಿ ಪ್ರೆಸೆಂಟೇಶನ್. ಮುರೀಥಿ ಸಾಹೇಬರು, ಬೇರೆ ಕಂಪನಿಗಳ ಓನರ್‌ಗಳು, ಬ್ಯಾಂಕಿನ ಇಬ್ಬರು. ಬರಾಸನ ಟೈ ನನ್ನ ಮೂರು ವಾರದ ಮೈಬೆವರಿಗಿಂತ ಹೆಚ್ಚು ಹೊಳೆಯುತ್ತಿತ್ತು.

ಸ್ಕ್ವಾಡ್ ಅಂದ ತಕ್ಷಣ ಇನ್ನೊಬ್ಬ ಓನರ್ ನಕ್ಕ, "ಏನ್ ಮುರೀಥಿ, ನಿನ್ನ ಬಸ್ಸು ದಾರೀಲಿ ಹೋಗೋರೆಲ್ಲ ನಡೆಸ್ತಾರಂತಲ್ಲಪ್ಪ!"

ಮುರೀಥಿ ನಗಲಿಲ್ಲ. ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು, "ಹೆಸ್ರು ಓದಮ್ಮ. ಎಲ್ರಿಗೂ ಕೇಳ್ಲಿ."

ಓದಿದೆ. ಶಾಲೆಯಲ್ಲಿ ಕಲಿಸಿದ ಹಾಗೆ, ಗಟ್ಟಿಯಾಗಿ, ಸ್ಪಷ್ಟವಾಗಿ. ಚಪ್ಪಾಳೆ. ಬ್ಯಾಡ್ಜಿನ ಪುಟಕ್ಕೆ ಹೋಗುವಷ್ಟರಲ್ಲಿ ಸಮೋಸ ಬಂತು.

ಫೆಬ್ರವರಿ 19, ಗುರುವಾರ. ಬೆಳಿಗ್ಗೆ 11.20

ಕರೂಗನಿಗೆ ಥ್ಯಾಂಕ್ಸ್ ಹೇಳಲು ಹೋಗಿದ್ದೆ. ಬಸ್ಸಿನಲ್ಲಿ ಕೂತಿದ್ದೆ. ಕಂಪನಿಯ ಹಳದಿ ಜಾಕೆಟ್ಟಿನ ನಾಲ್ವರು ಸ್ಟೇಜಿಗೆ ಬಂದರು.

"ಇಲ್ಲಿ ಒಟುವೋಮ ಯಾರಪ್ಪ? ಹದಿನಾಲ್ಕು ರೌಂಡಿನ ಒಟುವೋಮ?"

ಹದಿನಾಲ್ಕು. ನನ್ನ ಅಂಕಿ. ಅವರ ಬಾಯಲ್ಲಿ.

ಅವನು ಕರಿದ ಮಂದಾಜಿ ಬನ್ನು ತಿನ್ನುತ್ತಿದ್ದ. "ನಾನೇ ಗುರು, ಏನ್—" ಅಂದ. ಮಾತು ಮುಗಿಸಲು ಬಿಡಲಿಲ್ಲ. ವೀಲ್ ಸ್ಪ್ಯಾನರ್ ಮೊದಲು ಮೊಣಕಾಲಿಗೆ. ಬಿದ್ದ ಮೇಲೆ ಇಬ್ಬರು ಅವನ ಬಲಗೈಯನ್ನು ಫುಟ್‌ಪಾತಿನ ಅಂಚಿಗೆ ಒತ್ತಿ ಹಿಡಿದರು. ಒಬ್ಬ ಅದರ ಮೇಲೆ ಹಾರಿದ. ಮತ್ತೆ ಹಾರಿದ. ಮೂಳೆ ಚರ್ಮದಿಂದ ಹೊರಗೆ ಬಂದದ್ದು ಕಾಣಿಸಿತು. ಒಟುವೋಮ ಕಿರುಚಿದ, ಆಮೇಲೆ ಕಿರುಚಲಿಲ್ಲ. ಬಾಯಲ್ಲಿ ಮಂದಾಜಿ ಹಾಗೇ ಇತ್ತು.

ನಾನು ಇಳಿಯಲಿಲ್ಲ. ಹೇಡಿ. ಸೀಟಿನಲ್ಲಿ ಕುಗ್ಗಿ, ಕಿಟಕಿಯ ಅಂಚಿನಿಂದ ನೋಡುತ್ತಾ ಕೂತಿದ್ದೆ.

ಫೆಬ್ರವರಿ 25, ಬುಧವಾರ. ಸಂಜೆ 4

ಆಸ್ಪತ್ರೆಗೆ ಹೋದೆ, ಕೊನೆಗೂ. ಒಂದು ಹಾಸಿಗೆಗೆ ಇಬ್ಬರು. ಮೊಣಕೈ ಕೆಳಗೆ ಏನೂ ಇಲ್ಲ, ಬರೀ ಬ್ಯಾಂಡೇಜು. ನನ್ನನ್ನು ನೋಡಿ ನಕ್ಕ. ನಗಬಾರದಿತ್ತು.

"ಬಾ ಪ್ರೊಫೆಸರ್. ನೋಡು, ಕೈ ಕುಲುಕೋಕೂ ಇಲ್ಲ."

ಗಂಜಿ ತಿನ್ನಿಸಿದೆ. ಅವನೇ ಮಾತಾಡಿದ.

"ಹದಿನಾಲ್ಕು ಅಂದ್ರಲ್ಲ, ನಾನೇ ಎಣಿಸಿರ್ಲಿಲ್ಲ. ಕಿಬುಚಿ ಬಿಟ್ರೆ ಇನ್ಯಾರಿಗೆ ಗೊತ್ತು ಹೇಳು? ಅವ್ನ ಮೈ ಮೇಲೆ ಒಂದ್ ಗೀರಿಲ್ಲ, ಕೆಲ್ಸಾನೂ ಹೋಗಿಲ್ಲ. ನನ್ನ ಅನ್ನ ತಿಂದು ನನ್ನೇ ಬರ್ದ್ ಕೊಟ್ಟ, ಬೇವರ್ಸಿ. ಶುಕ್ರವಾರ ಊಟದ ಹೊತ್ಗೆ ನಮ್ ಹುಡುಗ್ರು ಅವ್ನನ್ನ ವಿಚಾರಿಸ್ಕೊಳ್ತಾರೆ. ಕುತ್ತಿಗೆಗೆ ಟೈರು, ಮೇಲೆ ಪೆಟ್ರೋಲು, ಎಲ್ಲ ರೆಡಿ."

"ಕಿಬುಚಿ ಅಲ್ದೇ ಇದ್ರೆ?" ಅಂದೆ.

"ಮತ್ಯಾರು?"

ಚಮಚ ಅವನ ಬಾಯಿಗಿಟ್ಟೆ. ಹೇಳಲಿಲ್ಲ. ನನ್ನ ಜೀವದ ಆಸೆ ಇಷ್ಟು ಹೊಲಸು ಅಂತ ಗೊತ್ತಿರಲಿಲ್ಲ.

ಫೆಬ್ರವರಿ 26, ಗುರುವಾರ

ಪೊಲೀಸ್ ಠಾಣೆ. "ಬಸ್ಸಿನೋರ ಜಗಳ. ಹೆಣ ಬಿದ್ಮೇಲೆ ಬಾಮ್ಮ." ಕಿಬುಚಿಗೆ ಫೋನ್ ಮಾಡಿದೆ, ಹತ್ತು ಸಲ. ಸ್ವಿಚ್ ಆಫ್.

ಕ್ಯಾಂಟೀನಿನಲ್ಲಿ ಬರಾಸ ಸಿಕ್ಕಿದ. ಕಂಪನಿ ನಮ್ಮಿಬ್ಬರಿಗೂ ಕೆಲಸ ಕೊಡುತ್ತಿದೆಯಂತೆ. ಹೇಳಿದೆ, ಎಲ್ಲ ಹೇಳಿದೆ.

"ನಾವೇನು ಸ್ಪ್ಯಾನರ್ ಹಿಡಿದ್ವಾ?" ಅಂದ. "ಬಾಯ್ಮುಚ್ಕೊಂಡಿರು. ಸೋಮವಾರ ರಿಸಲ್ಟು."

ಚಹಾದ ಗ್ಲಾಸಿನ ಸಮೇತ ಮುಖಕ್ಕೆ ಹೊಡೆದೆ. ಹುಬ್ಬು ಸೀಳಿತು. ಎಲ್ಲರೂ ನೋಡುತ್ತಿದ್ದರು. ಇನ್ನೂ ಹೊಡೆಯಬೇಕು ಅನ್ನಿಸಿತು — ಏಟು ತಿನ್ನಬೇಕಾದವಳು ನಾನೇ ಆಗಿದ್ದರೂ.

ಫೆಬ್ರವರಿ 27, ಶುಕ್ರವಾರ. ಮಧ್ಯಾಹ್ನ 12.40

ಕರೂಗನ ಬಸ್ಸು. ಬಾಗಿಲಲ್ಲಿ ಯಾರೋ ಹೊಸಬ. ಕಿಬುಚಿ ಸ್ಟೇಜಿನಲ್ಲೇ ಊಟಕ್ಕಿದ್ದಾನಂತೆ. ಅವನನ್ನು ಈ ಬಸ್ಸಿಗೆ ಹತ್ತಿಸಿಕೊಂಡು ಹೋಗಿಬಿಡಬೇಕು. ಟ್ರಾಫಿಕ್ ಜಾಮ್. ಬೇಗ, ಬೇಗ.

1.15

ತಡವಾಯಿತು. ಕಿಬುಚಿಯನ್ನು ಹೋಟೆಲಿನಿಂದ ಎಳೆದು ತಂದಿದ್ದಾರೆ. ಷರ್ಟಿಲ್ಲ. ಒಂದು ಕಿವಿ ಜೋತಾಡುತ್ತಿದೆ. ಎಂಟು ಹತ್ತು ಜನ, ಕಲ್ಲು, ಸರಳು. ಟೈರು ಕುತ್ತಿಗೆಗೆ ಹಾಕಿದ್ದಾರೆ. ಕರೂಗ ಬಾಗಿಲು ಲಾಕ್ ಮಾಡಿಸಿದ್ದಾನೆ.

"ತೆಗೀರಿ!"

"ಇಳೀಬೇಡ ಮಗಳೇ. ನಿನ್ನೂ ಸುಡ್ತಾರೆ."

ಒಟುವೋಮನಿಗೆ ಫೋನ್ ಮಾಡಿದೆ.

"ಕಿಬುಚಿ ಅಲ್ಲ. ಬರ್ದಿದ್ದು ನಾನು, ಓದಿದ್ದೂ ನಾನೇ. ಬಿಡೋಕ್ ಹೇಳು ಒಟುವೋಮ, ನಿನ್ ಕಾಲಿಗ್ ಬೀಳ್ತೀನಿ."

ಅವನ ಹಾಸಿಗೆ ಕಿರುಗುಟ್ಟಿತು.

"ಗಂಜಿ ತಿನ್ಸುವಾಗ ನಿಂಗೆ ಬಾಯಿರ್ಲಿಲ್ವಾ?"

"ಇರ್ಲಿಲ್ಲ."

"ಸುಮ್ನೆ ಬಿಡಿ ಅಂದ್ರೆ ಬಿಡಲ್ಲ ಅವ್ರು. ಮತ್ಯಾರು ಅಂತ ಕೇಳ್ತಾರೆ. ಏನ್ ಹೇಳ್ಲಿ, ಪ್ರೊಫೆಸರ್?"

"ನನ್ನ ಹೆಸ್ರು ಹೇಳು."

ಇಟ್ಟುಬಿಟ್ಟ. ಬರೆಯದಿದ್ದರೆ ಕಿರುಚಿಬಿಡುತ್ತೇನೆ. ಪೆಟ್ರೋಲಿನ ಬಾಟಲಿ ಮುಚ್ಚಳ ತೆಗೆದಿದ್ದಾರೆ. ಯಾರಿಗೂ ಫೋನ್ ಬರುತ್ತಿಲ್ಲ. ಮಾಡು ಮಾರಾಯ, ಮಾಡು...

ಬಂತು. ಬಾಟಲಿ ಹಿಡಿದಿದ್ದ ಕೆಂಪು ಟೋಪಿಯವನು ಕಿವಿಗಿಟ್ಟ. ಇನ್ನೊಂದು ಕಿವಿಗೆ ಬೆರಳಿಟ್ಟು ಕೇಳುತ್ತಿದ್ದಾನೆ. ಬಾಟಲಿ ಕೆಳಗಿಟ್ಟ. ಟೈರು ತೆಗೆದರು. ಕಿಬುಚಿ ನೆಲಕ್ಕೆ ಕುಸಿದ — ಕೈಯಾಡಿಸುತ್ತಿದ್ದಾನೆ, ಬದುಕಿದ್ದಾನೆ.

ಟೋಪಿಯವನು ಒಂದೊಂದೇ ಬಸ್ಸಿನ ಕಿಟಕಿ ನೋಡುತ್ತಾ ಬರುತ್ತಿದ್ದಾನೆ. ಕರೂಗ ನನ್ನ ತಲೆ ಕೆಳಗೆ ಒತ್ತುತ್ತಿದ್ದಾನೆ. ಅವನ ಕೈ ಸರಿಸಿದೆ. ನೆಟ್ಟಗೆ ಕೂತೆ. ಟೋಪಿಯವನಿಗೆ ಕಂಡೆ. ಕೈಯೆತ್ತಿ, ನಾನೇ ಅಂದೆ. ಕಿಟಕಿಯ ಗಾಜು ಒಡೆ—