ಮೂರನೇ ಗಾಡಿಗೆ ಹಚ್ಚಿದ ಭಂಡಾರ

೮ ನವೆಂಬರ್, ಶನಿವಾರ

ಎರಡನೇ ಗಾಡಿಯೂ ಮುಗಿಯಿತು. ಕುಲಗೋಡ ಗ್ರಾಮದ ಮಧ್ಯಮ ಗಾತ್ರದ ಎಸ್‌ಯುವಿ ಪರೀಕ್ಷಾ ಮಂಡಳಿ — ಅಧ್ಯಕ್ಷರು ನಾನು, ಸದಸ್ಯ ಗೆಳೆಯ ಶುಭಮ್, ಹಿರಿಯ ಸಲಹೆಗಾರರು ನಮ್ಮಜ್ಜಿ ಫಕೀರವ್ವ — ತನ್ನ ತೀರ್ಪನ್ನು ಗಾಂಭೀರ್ಯದಿಂದ ದಾಖಲಿಸುತ್ತದೆ:

ನಿನ್ನೆಯ ಬಿಳಿ ಗಾಡಿ. ಕ್ಲಚ್ ಬೆಣ್ಣೆ. ಸ್ಟೇರಿಂಗ್ ಒಂದು ಬೆರಳಿಗೆ ತಿರುಗುತ್ತದೆ. ಆದರೆ ಎಂಬತ್ತು ದಾಟಿದ ಮೇಲೆ ಗಾಲಿ ಎಲ್ಲಿದೆ, ರಸ್ತೆ ಎಲ್ಲಿದೆ, ಕೈಗೆ ತಿಳಿಯುವುದಿಲ್ಲ.

ಇವತ್ತಿನ ಕೆಂಪು ಗಾಡಿ. ಡೀಸೆಲ್. ಎರಡು ಟ್ರೇಲರ್ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರನ್ನು ಮೂರನೇ ಗೇರಿನಲ್ಲೇ ದಾಟಿತು. ಬ್ರೇಕ್ ಮಾತ್ರ ಒಮ್ಮೆಲೇ ಹಿಡಿಯುತ್ತದೆ. ಅಜ್ಜಿಯ ಎಲೆಯಡಿಕೆ ಚೀಲ ಮುಂದಿನ ಸೀಟಿಗೆ ವರ್ಗವಾಯಿತು.

ಸಲಹೆಗಾರರ ಮಾತು: "ಎರಡೂ ಒಂದ ತಾಯಿ ಮಕ್ಕಳಂಗ ಅದಾವು. ಒಂದ ಗರೀಬ, ಒಂದ ಉಡಾಳ."

ಕೊಳ್ಳುವವರು ಯಾರೂ ಇಲ್ಲ. ಮನೆಯಲ್ಲಿರುವುದು ಒಂದು ಟ್ರ್ಯಾಕ್ಟರ್, ಒಂದು ಬೈಕ್. ಅಪ್ಪ ದಿನವಿಡೀ ಕಬ್ಬು ಕಡಿಯುವ ಗ್ಯಾಂಗಿನ ಹಿಂದೆ. ಫೋನಿನಲ್ಲಿ ದನಿ ದಪ್ಪ ಮಾಡಿ "ಮನೀಗೆ ಟೆಸ್ಟ್ ಡ್ರೈವ್ ತರ್ತೀರೇನ್ರಿ?" ಅಂದರೆ ಸಾಕು, ಗೋಕಾಕದಿಂದ ಗಾಡಿ ಬಾಗಿಲಿಗೆ. ನಿನ್ನೆ ಮೂಡಲಗಿಗೆ ಹೋಗಿ ಅಜ್ಜಿಯ ಕಣ್ಣು ತೋರಿಸಿಕೊಂಡು ಬಂದೆವು. ಎಣ್ಣೆ ಅವರದು, ಎಸಿ ಅವರದು.

೯ ನವೆಂಬರ್, ರವಿವಾರ

ಮೂರನೇ ಗಾಡಿ. ಕಂದು ಬಣ್ಣ. ತಂದವರು ಮಾಲಿಂಗಪ್ಪ — ಐವತ್ತರ ಹತ್ತಿರ, ಇಸ್ತ್ರಿ ಅಂಗಿ, ಟೈ ಒಂದು ಗೇಣು ಗಿಡ್ಡ. ನಮ್ಮಂಥದೇ ಕುರಿ ಕಾಯುವ ಮನೆತನ. "ಹೈವೇದಾಗ ನೋಡಬೇಕ್ರಿ ಕಾಕಾ" ಅಂದೆ. ನಂಬಿದರು. ಯಮಕನಮರಡಿಯ ತನಕ ಹೋದೆವು. ಅಲ್ಲಿ ಅಜ್ಜಿಯ ತಂಗಿ ಇದ್ದಾಳೆ, ಅಷ್ಟೇ.

ಗಾಡಿ ಚೆನ್ನಾಗಿದೆ. ಇದು ಮಂಡಳಿಯ ಮಾತಲ್ಲ, ನನ್ನದು. ಸ್ಟೇರಿಂಗ್ ಬಿಳಿಯದರಷ್ಟು ಹಗುರವಲ್ಲ, ಕೆಂಪಿನದರಷ್ಟು ಭಾರವಲ್ಲ. ನೂರರಲ್ಲೂ ರಸ್ತೆ ಬಿಡುವುದಿಲ್ಲ.

ಮರಳಿ ಬರುವಾಗ ಅವರು ಮೆಲ್ಲಗೆ ಕೇಳಿದರು: "ತಮ್ಮಾರ, ಸಿಟ್ಟ ಆಗಬ್ಯಾಡ್ರಿ. ಖರೇನ ತಗೋತೀರೇನ್ರಿ? ಸುಮ್ಮನ ತಿರಗ್ಯಾಡಾಕ ಕರಸವ್ರೂ ಇರತಾರ. ಈ ತಿಂಗಳ ನನ್ನ ಕಡಿಂದ ಒಂದ ಗಾಡಿನೂ ಹೋಗಿಲ್ಲ. ಮೂವತ್ತನೇ ತಾರೀಖಿಗೆ ಒಂದರ ಆಗಲಿಲ್ಲಂದ್ರ ಮನಿಗೆ ಹೋಗು ಅಂದಾರ."

ಹಿಂದೆ ಅಜ್ಜಿಯ ಪಕ್ಕ ಕೂತಿದ್ದ ಶುಭಮ್ ಕಿಟಕಿಗೆ ಮುಖ ಹಚ್ಚಿದ. ಅವನ ಹೆಗಲು ಕುಣಿಯುತ್ತಿತ್ತು. ನನಗೂ ನಗು ಬರುತ್ತಿತ್ತು, ಬಂದಷ್ಟೂ ಗಂಭೀರನಾದೆ. ಗಾಡಿ ನಿಲ್ಲಿಸಿದೆ. ಅಜ್ಜಿಯ ಚೀಲದಿಂದ ನಮ್ಮಿಬ್ಬರ ಕುಲದೇವರು ಬೀರಪ್ಪನ ಭಂಡಾರ ತೆಗೆದೆ. ಆ ಅರಿಶಿನವನ್ನು ಬಾನೆಟ್ಟಿಗೆ ಹಚ್ಚಿದೆ, ಅವರ ಹಣೆಗೆ ಹಚ್ಚಿದೆ.

"ಭಂಡಾರ ಮುಟ್ಟಿ ಹೇಳತೇನ್ರಿ ಕಾಕಾ. ಈ ಗಾಡಿ ನಮ್ದು."

ಅವರು ಬೂಟು ಬಿಚ್ಚಿದರು. ಹೆದ್ದಾರಿಯ ಬದಿಯಲ್ಲಿ, ಬರೀ ಸಾಕ್ಸಿನಲ್ಲಿ ನಿಂತು ಕೈ ಮುಗಿದರು. "ಆತ್ರಿ. ಇನ್ನ ಬುಕ್ಕಿಂಗ್ ಫಾರ್ಮ್ ಗೀರ್ಮ್ ಯಾಕ ಬೇಕು."

ಎಡಗಾಲಿನ ಸಾಕ್ಸಿಗೆ ತೂತು ಬಿದ್ದಿತ್ತು. ನನ್ನ ನಗು ಅಲ್ಲಿಗೆ ಸತ್ತಿತು. ಆದರೂ ಬಾಯಿ ಬಿಡಲಿಲ್ಲ.

೧೦ ನವೆಂಬರ್

ಮಂಡಳಿಯನ್ನು ವಿಸರ್ಜಿಸಲಾಗಿದೆ. ಕಾರಣ ನಮೂದಿಸುವುದಿಲ್ಲ.

೨೪ ನವೆಂಬರ್, ಸೋಮವಾರ

ಮಾಲಿಂಗಪ್ಪ ಕಾಕಾರ ಫೋನ್ ಬಂತು. "ತಮ್ಮಾರ, ಗಾಡಿ ಬಂತ್ರಿ! ಅದ ಬಣ್ಣ. ಇನ್ನೊಂದ ಬರಾಕ ಎರಡ ತಿಂಗಳ. ಮಸಗುಪ್ಪಿ ಸಿದ್ರಾಮ ಮಾಸ್ತರು ನಿನ್ನಿ ಬಂದು 'ಇದ ಬೇಕು, ಇವತ್ತ ಬರಕೋ' ಅಂದ್ರು. 'ಮಾತ ಆಗೇತ್ರಿ ಸರ' ಅಂದು ಕಳಿಸಿದ್ನಿ."

"ಯಾಕ ಕಳಿಸಿದ್ರಿ ಕಾಕಾ?"

"ಭಂಡಾರ ಆಗೇತೆಲ್ಲರಿ!" ಅವರಿಗೇ ನಗು ಬಂತು, ನಾನೇನೋ ಹುಚ್ಚು ಪ್ರಶ್ನೆ ಕೇಳಿದ ಹಾಗೆ. "ಮ್ಯಾನೇಜರ್ ಫಾರ್ಮ್ ಎಲ್ಲಿ ಅಂದ. ಭಂಡಾರ ಆಗೇತಿ ಅಂದ್ನಿ. ಎಲ್ಲಾರೂ ನಕ್ಕರು. ನಗಲಿ ಬಿಡ್ರಿ, ಅವರಿಗೇನ ಗೊತ್ತ."

ನೆಟ್‌ವರ್ಕ್ ಇಲ್ಲರಿ ಎಂದು ಕಟ್ ಮಾಡಿದೆ. ನೆಟ್‌ವರ್ಕ್ ಫುಲ್ ಇತ್ತು.

೨೫ ನವೆಂಬರ್

ಮೂರು ಸಲ ಫೋನ್. ಎತ್ತಲಿಲ್ಲ.

೨೬ ನವೆಂಬರ್

ಒಂದು ಸಲ.

೨೮ ನವೆಂಬರ್

ನಿನ್ನೆ ಇಲ್ಲ. ಇವತ್ತೂ ಇಲ್ಲ. ಫೋನ್ ಬಂದಾಗ ಇಷ್ಟು ಕಷ್ಟವಿರಲಿಲ್ಲ.

೨೯ ನವೆಂಬರ್, ಶನಿವಾರ

ಶುಭಮ್‌ಗೆ ಹೇಳಿದೆ. ಅವನಂದ: "ನಂಬರ್ ಬ್ಲಾಕ್ ಮಾಡೋ. ಶೋರೂಮ್‌ದವ್ರಿಗೆ ಇದು ದಿನಾ ಇರೂದ."

"ನೀ ಯಾಕ ನಕ್ಕಿ ಅವತ್ತ?"

"ನೀ ಯಾಕ ನಗಿಸಿದಿ?"

ಎದ್ದು ಮನೆಗೆ ಬಂದೆ.

ಅಜ್ಜಿಗೂ ಹೇಳಿದೆ, ಎಲ್ಲ. ಅವಳು ಖರೆಯೆಂದೇ ತಿಳಿದಿದ್ದಳು. ಗಾಡಿ ನಿಲ್ಲಲಿ ಎಂದು ಕೊಟ್ಟಿಗೆಯ ಮುಂದಿನ ಕಟ್ಟಿಗೆ ತೆಗೆಸಿದ್ದಳು. ಬೈಯಲಿಲ್ಲ. "ಬಾಯಿ ನಿಂದು, ಭೀಮಶಿ. ಭಂಡಾರ ನಿಂದಲ್ಲ" ಅಂದು ಎದ್ದು ಹೋದಳು. ಸಂಜೆ ನೋಡಿದರೆ ಕಟ್ಟಿಗೆಯನ್ನು ಒಬ್ಬಳೇ ಮತ್ತೆ ಒಟ್ಟುತ್ತಿದ್ದಾಳೆ. ಕೈ ಹಚ್ಚಲು ಹೋದೆ. ಬೇಡ ಅಂದಳು.

ನಾಳೆ ಮೂವತ್ತು.

೩೦ ನವೆಂಬರ್, ರವಿವಾರ. ಮಧ್ಯಾಹ್ನ ೧೨

ಮಸಗುಪ್ಪಿಯಲ್ಲಿದ್ದೇನೆ. ಸಿದ್ರಾಮ ಮಾಸ್ತರ ಮನೆಯ ಕಟ್ಟೆ. ಅವರು ಒಳಗೆ ಊಟ ಮಾಡುತ್ತಿದ್ದಾರೆ.

ಬಂದಾಗ ಅವರ ತಾಯಿ ಕರೆವ್ವ ಬಿಸಿಲಿಗೆ ಕೂತಿದ್ದರು, ಮಾಸ್ತರು ಅವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ನಕ್ಕುಬಿಟ್ಟಿದ್ದರೆ ಹಗುರಾಗುತ್ತಿದ್ದೆ. ನಗಲಿಲ್ಲ.

"ಮೂರೂ ಗಾಡಿ ಓಡಿಸೀಯಲ್ಲ. ಹೆಂಗ ಅದಾವು ಹೇಳು."

ಹೇಳಿದೆ. ಬಿಳಿಯದರ ಸ್ಟೇರಿಂಗ್, ಕೆಂಪಿನದರ ಬ್ರೇಕ್, ಕಂದಿನದು ಹೈವೇಯಲ್ಲಿ ಹೇಗೆ ನಿಲ್ಲುತ್ತದೆ. ದನಿ ದಪ್ಪ ಮಾಡದೆ ಹೇಳಿದ್ದು ಇದೇ ಮೊದಲು.

"ಇದು ಖರೆ ಅಂತ ಹೆಂಗ ನಂಬಲಿ?"

ಆಣೆ ಮಾಡಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಕರೆವ್ವ ಅಂದರು: "ಏ ಸಿದ್ರಾಮ, ಹುಡುಗನ ಮಾರಿ ನೋಡೊ. ಹೋಗಿ ಬಾ."

ಮಾಸ್ತರು: "ಬರ್ತೇನಿ. ಆದ್ರ ತಗೋತೇನಿ ಅಂದಿಲ್ಲ. ಮೊದಲ ಅವನ ಮುಂದ ನೀ ಇದನ್ನೆಲ್ಲಾ ಹೇಳಬೇಕು."

ಸಂಜೆ

ಮಾಸ್ತರ ಜೊತೆ ಗೋಕಾಕದ ಶೋರೂಮಿಗೆ ಬಂದೆ. ಮಾಲಿಂಗಪ್ಪ ಕಾಕಾ ಗಾಡಿಗೆ ಚೆಂಡು ಹೂವಿನ ಮಾಲೆ ಹಾಕಿಟ್ಟಿದ್ದರು. ನನ್ನನ್ನು ಕಂಡು ಓಡಿ ಬಂದರು. "ಬರ್ರಿ ತಮ್ಮಾರ! ನನಗ ಗೊತ್ತಿತ್ತು. ನಿಮ್ಮಜ್ಜಿ ಬಂದಿಲ್ಲೇನ್ರಿ?"

ಹೇಳಿದೆ. ಮ್ಯಾನೇಜರ್‌ಗೆ, ಉಳಿದವರಿಗೆ ಕೇಳಿಸುವಂತೆಯೇ ಹೇಳಿದೆ. ಯಾರೋ ಹಿಂದೆ ಕಿಸಕ್ಕೆಂದರು. ಮಾಲಿಂಗಪ್ಪ ಕಾಕಾ ಟೈ ಸರಿಮಾಡಿಕೊಂಡರು. ಅದು ಸರಿಯಾಗಿಯೇ ಇತ್ತು. "ಆತ್ರಿ" ಅಂದರು. ನನಗೆ, ಇನ್ನೂ, 'ರಿ' ಹಚ್ಚಿಯೇ.

ಆಮೇಲೆ ಮಾಸ್ತರಿಗೆ: "ಒಂದ ರೌಂಡ ನೋಡ್ರಿ ಸರ." ನನಗೆ: "ನೀವೂ ಕೂಡ್ರಿ."

ಮಾಲೆ ಹಾಕಿದ್ದಲ್ಲ, ಟೆಸ್ಟ್ ಡ್ರೈವಿನ ಕಂದು ಗಾಡಿ. ಮಾಸ್ತರು ಓಡಿಸಿದರು, ಕಾಕಾ ಪಕ್ಕದಲ್ಲಿ, ನಾನು ಹಿಂದೆ. ಹಿಂದೆ ಕೂತದ್ದು ಇದೇ ಮೊದಲು. ರಸ್ತೆಯ ಉಬ್ಬು, ಹಂಪ್ ದಾಟುವಾಗ ಸೀಟಿನಿಂದ ಎದ್ದು ಬಿದ್ದೆ. ಮಾಸ್ತರಿಗೆ ಸ್ಟೇರಿಂಗ್ ಹಿಡಿಸಿತು, ಮುಖದಲ್ಲೇ ಗೊತ್ತಾಗುತ್ತಿತ್ತು. "ನಮ್ಮವ್ವ ಹಿಂದ ಕುಂಡ್ರತಾಳ. ಮೊಣಕಾಲ ನೋವು. ಹಿಂದ ಹೆಂಗ ಐತಿ?"

ಶೋರೂಮ್ ಮುಚ್ಚಲು ಒಂದು ತಾಸು ಇತ್ತು. ಕಾಕಾ ಕೈಗಡಿಯಾರ ನೋಡಿಕೊಂಡರು.

"ಮುಂದ ಚಲೋರಿ ಸರ. ಹಿಂದ ಕುಂತವರನ ಹಂಪಿನ್ಯಾಗ ಎತ್ತಿ ಒಗೀತೈತ್ರಿ."

ಮಾಸ್ತರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ನೀ ಹಿಂದ ಕುಂತಿ. ಹೌದೇನು?"

ಎಷ್ಟೋ ಸುಳ್ಳು ಪುಕ್ಕಟೆ ಹೇಳಿದವನು ನಾನು. ಈ ಒಂದು ಸುಳ್ಳಿನಿಂದ ಒಬ್ಬರ ನೌಕರಿ ಉಳಿಯುತ್ತಿತ್ತು.

"ಹೌದ್ರಿ ಸರ. ಎತ್ತಿ ಒಗೀತೈತಿ."

ಕಾಕಾ ಹೊರಗೆ ನೋಡುತ್ತಿದ್ದರು. ಕುತ್ತಿಗೆ ಮಾತ್ರ ಕಂಡಿತು. ಮಾಸ್ತರು ಗಾಡಿ ಬದಿಗೆ ಹಚ್ಚಿದರು.

"ಗಾಲಿಗೆ ಗಾಳಿ ಎಷ್ಟ ಐತಿ?"

"ನಿನ್ನಿ ಸರ್ವಿಸಿಗೆ ಹೋಗಿತ್ರಿ... ನೋಡಿಲ್ರಿ."

ಅಲ್ಲೇ ಪಂಕ್ಚರ್ ಅಂಗಡಿ. ಮೀಟರ್ ಹಚ್ಚಿದರೆ ನಲವತ್ತೆರಡು. "ಗಾಳಿ ಜಾಸ್ತಿ ಆಗೇತಿ, ಅದಕ್ಕ ಪುಟೀತಿರಬೇಕು. ಮೂವತ್ತಮೂರಕ್ಕ ಇಳಸ್ರಿ" ಅಂದರು ಮಾಸ್ತರು. ಕಾಕಾ ಬಗ್ಗಲು ಹೋದರು. ನಾನು ಅವರಿಗಿಂತ ಮೊದಲು ಮಣ್ಣಿನಲ್ಲಿ ಕೂತೆ. ಒಂದೊಂದೇ ಗಾಲಿ. ಗಾಳಿ ಬುಸ್ಸೆಂದು ಹೋಗುತ್ತಿತ್ತು.

ಈಗ ಕಾಕಾ ಓಡಿಸಿದರು. ಮಾಸ್ತರು ಹಿಂದೆ ಬಂದರು, ನನ್ನ ಪಕ್ಕ, ಅವರವ್ವ ಕೂರುವ ಜಾಗದಲ್ಲಿ. ಗಾಡಿ ತಿರುಗಿಸಿದೆವು. ಅದೇ ರಸ್ತೆ, ಅದೇ ಹಂಪ್. ಕಾಕಾ ವೇಗ ಕಡಿಮೆ ಮಾಡಲಿಲ್ಲ. ಮುಂದಿನ ಗಾಲಿ ಹತ್ತಿತು, ಇಳಿಯಿತು. ಹಿಂದಿನ ಗಾಲಿಯೂ ಹತ್ತಿತು, ಇಳಿಯಿತು; ಮಾಸ್ತರು ಸೀಟಿನಿಂದ ಏಳಲಿಲ್ಲ, "ಇವತ್ತ ಬರಕೋ" ಅಂದರು.