ಚರಗ ಚೆಲ್ಲೋ ಜಾಗಾ

ತಮ್ಮಾ ಮುರಿಗೆಪ್ಪ,

ಎಳ್ಳ ಅಮಾಸಿ ಚರಗಕ್ಕ ಅವ್ವನ್ನ ಕರಕೊಂಡು ಪವಾಯಿ ಕೆರಿಗೆ ಮುಂದ ಹೊಂಟೇನಿ. ಈ ಸಲ ಜಾಗಾ ನಾನೇ ಆರಿಸೇನಿ. ನೀ ಆರಿಸಿದ್ದು ಸಾಕಾತು.

ಆಚೀ ವರ್ಷ ಕ್ರಿಕೆಟ್ ಆಡವರು ತಂಬು ಹೊಡಿಯೋ ಮೈದಾನಕ್ಕ ಒಯ್ದಿ, ಅವರ ಚೆಂಡು ಬಂದು ಪುಂಡಿಪಲ್ಯದಾಗ ಬಿತ್ತು. ಹೋದ ವರ್ಷ ಬೆಂಚು ಅದಾವಂತ ಬಗೀಚಾಕ್ಕ ಒಯ್ದಿ. ಅವ್ವ ಊರಾಗ ನಮ್ಮ ಹೊಲದಾಗ ಚೆಲ್ಲಿದಂಗ ಭೂಮಿತಾಯಿಗೆ ಹೋಳಿಗಿ, ಕಡಬು ಚೆಲ್ಲಿದ್ರ, "ಏ ಬುಡ್ಢೀ, ಕಚರಾ ಮತ್ ಡಾಲ್" ಅಂತ ಮಾಲಿ ಒದರಿದ, ಭೂಮಿತಾಯಿ ಎಡಿ ಅವಂಗ ಕಸಾ ಆತು. ಚೆಲ್ಲಿದ್ದನ್ನೆಲ್ಲಾ ಅವ್ವ ಕುಂತು ಆರಿಸಿ ಸೆರಗಿನ್ಯಾಗ ಕಟ್ಟಿಕೊಂಡ್ಲು. ನೀ ಬೆಂಚಿನ ಮ್ಯಾಲೆ ಕುಂತು ನೋಡಿದಿ.

ರೊಟ್ಟಿ ಗಂಟು ಗೂಟಕ್ಕ ಐತಿ, ತಗೊಂಡು ಬಾ. ಕೆರಿ ಆಚೀ ದಂಡಿ, ಎಮ್ಮಿ ತಬೇಲಾದ ಹಿಂದ. ಅಲ್ಲಿ ಬೆಂಚಿಲ್ಲ, ನೆರಳಿಲ್ಲ. ಮಣ್ಣೈತಿ.

ಅಕ್ಕ ದಾನವ್ವ